ಮಂತ್ರಿಗಳ ನೆತ್ತಿಯ ಮೇಲೆ ನೀಲವ್ವ

ಮಂತ್ರಿಗಳ ತಲೆಯ ಮೇಲೆ ನಿಂತು ಬರುತ್ತೇನೆಂದು ಅಡಿವೆಪ್ಪನವರು ಬೈಲಹೊಂಗಲದ ಅರ್ಧ ಊರಿಗೆ ಹೇಳಿಟ್ಟಿದ್ದರು.

ಬಸ್ ನಿಲ್ದಾಣದ ಎದುರಿಗೆ ಅವರದೊಂದು ಖಾನಾವಳಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಅದರ ಮೇಲೆ ಯಜಮಾನರ ರಾಜಕೀಯ. ಮೂರನ್ನೂ ಒಂದೇ ತಾಟಿನಲ್ಲಿ ಬಡಿಸುತ್ತಿದ್ದರು. ಮಗ ಸಂತೋಷಕುಮಾರ ಪರದೇಶದ ಎಂಜಿನಿಯರುಗಳಿಗೆಂದು ಜರ್ಮನಿ ಕೊಡತೊಡಗಿದ ಗ್ರೀನ್ ಕಾರ್ಡ್ ಪಡೆದು ಅಲ್ಲಿಗೆ ಹೋದ ವರ್ಷ ಫೋನಿನಲ್ಲಿ ಹೇಳಿದ ಒಂದು ಮಾತು ಅವರ ಮನಸ್ಸಿನಲ್ಲಿ ಬೇರೂರಿಬಿಟ್ಟಿತು. ಬರ್ಲಿನ್ ಊರಿನ ಪಾರ್ಲಿಮೆಂಟ್ ಕಟ್ಟಡದ ಮೇಲೆ ಹೊಸದಾಗಿ ಗಾಜಿನ ಗುಮ್ಮಟ ಕಟ್ಟಿದ್ದಾರೆ, ಯಾರು ಬೇಕಾದರೂ ಏರಬಹುದು, ಕೆಳಗೆ ಸಭೆ ನಡೆದಿದ್ದರೆ ಜನ ಅದರ ಮೇಲೆಯೇ ಓಡಾಡುತ್ತಾರೆ, ಆಳುವವರಿಗಿಂತ ಜನರೇ ಮೇಲು ಎಂದು ತೋರಿಸಲಿಕ್ಕೇ ಹಾಗೆ ಕಟ್ಟಿದ್ದಾರೆ ಎಂದು ಸಂತೋಷ ಹೇಳಿದ್ದ.

ಅಡಿವೆಪ್ಪನವರು ಅಂದು ಗಲ್ಲೆಯ ಮೇಲೆ ಕೂತು ನಕ್ಕ ನಗೆ ಅಡಿಗೆಮನೆಯವರೆಗೆ ಕೇಳಿತ್ತು. ಆಮೇಲೆ ಉಣ್ಣಲು ಬಂದವರಿಗೆಲ್ಲ ಅದೇ ಸುದ್ದಿ. "ಏನ್ರೀ ಅಡಿವೆಪ್ಪನವರ, ಯಾವಾಗ ಏರತೀರಿ ಮಂತ್ರಿಗಳ ತಲಿ?" ಎಂದು ಗಿರಾಕಿಗಳು ಕೆಣಕುವರು. "ಪಾಸ್‌ಪೋರ್ಟ್ ಬರ್ಲಿ, ತೋರಸ್ತೀನಿ. ಇಷ್ಟ ವರ್ಷ ಅವರು ನಮ್ಮ ತಲಿಮ್ಯಾಗ ಕುಂತಾರ, ಒಂದ ದಿನ ನಾವೂ ಕೂಡೂಣು" ಎಂದು ಅವರು ಪಲ್ಯ ಬಡಿಸುವರು.

ಪಾಸ್‌ಪೋರ್ಟ್ ಬಂತು. ಅವರು ಹೋಗಲಿಲ್ಲ. ಕಾರ್ತಿಕ ಮಾಸದ ಒಂದು ಬೆಳಗ್ಗೆ ಎದೆ ಹಿಡಿದು ಗಲ್ಲೆಯ ಮೇಲೆಯೇ ಒರಗಿದರು. ಆಸ್ಪತ್ರೆ ಮುಟ್ಟಿದ ಮೇಲೆ ಶಿವ ಕರೆದ, ಅವರು ನಡೆದರು.

ವರ್ಷ ತುಂಬುತ್ತ ಬಂದಾಗ ಸಂತೋಷ ತಾಯಿಯನ್ನು ಮೂರು ತಿಂಗಳ ಮಟ್ಟಿಗೆ ಜರ್ಮನಿಯಲ್ಲಿ ತಾನಿದ್ದ ಬೊಬ್ಲಿಂಗೆನ್ ಊರಿಗೆ ಕರೆಸಿಕೊಂಡ. ನೀಲವ್ವ ಬಂದರು. ಬಂದವರು ಕಿಟಕಿಯ ಪಕ್ಕದಲ್ಲಿ ಕೂತುಬಿಟ್ಟರು. ಮಗ ಪಕ್ಕದೂರು ಸಿಂಡೆಲ್‌ಫಿಂಗೆನ್‌ನ ಕಾರು ಕಾರ್ಖಾನೆಗೆ ಹೋದರೆ ಸಂಜೆಯೇ ಬರುವುದು. ಸೊಸೆ ಬಸವೇಶ್ವರಿಗೆ, ಮನೆಯವರ ಈಶ್ವರಿಗೆ, ಇನ್ನೂ ಕೆಲಸದ ಪರವಾನಗಿ ಸಿಕ್ಕಿರಲಿಲ್ಲ. ಆಕೆ ದಿನಾ ಮುಂಜಾನೆ ಚೀಲ ಹೆಗಲಿಗೇರಿಸಿಕೊಂಡು ಜರ್ಮನ್ ಕಲಿಯಲು ಹೋಗುತ್ತಿದ್ದಳು. "ಆಫೀಸಿನ್ಯಾಗ ಎಲ್ಲಾ ಇಂಗ್ಲಿಷ್ ನಡೀತೈತಿ. ಈಕಿ ಯಾಕ ತಲಿ ಕೆಡಿಸ್ಕೊಂತಾಳೋ" ಎಂದು ಸಂತೋಷ ನಗುತ್ತಿದ್ದ.

ಸ್ವಿಟ್ಜರ್‌ಲೆಂಡಿನ ಹಿಮ ನೋಡುತ್ತೀಯಾ, ಹೈಡೆಲ್‌ಬರ್ಗ್‌ನ ಕೋಟೆ ನೋಡುತ್ತೀಯಾ ಎಂದು ಮಗ ಕೇಳಿದ.

"ಆ ಗಾಜಿನ ಗುಮ್ಮಟ ತೋರಸು" ಎಂದರು ನೀಲವ್ವ. "ಅವರು ಏರತೀನಿ ಅಂದಿದ್ರು. ಮಂದಿ ಮುಂದ ಆಡಿದ ಮಾತು. ಅವರ ಬದಲಿ ನಾ ಏರತೀನಿ."

ಹೀಗೆ ಎರಡು ಸಾವಿರದ ಎರಡನೆಯ ಇಸವಿಯ ನವರಾತ್ರಿಯಲ್ಲಿ ನಾಲ್ವರು ಬರ್ಲಿನ್ನಿಗೆ ಬಂದರು. ಕಾರು ಸಂತೋಷನ ಗೆಳೆಯ ಇದ್ರೀಸನದು. ಬಿಜಾಪುರದ ಹುಡುಗ, ಅದೇ ಕಾರ್ಖಾನೆಯ ಎಂಜಿನಿಯರ್. ಚರಿತ್ರೆಯ ಹುಚ್ಚು. ದಾರಿಯುದ್ದಕ್ಕೂ ರಾಜರು, ಯುದ್ಧಗಳು, ಇಸವಿಗಳು ಅವನ ಬಾಯಿಂದ ಉದುರುತ್ತಲೇ ಇದ್ದವು. "ಗುರು, ಸ್ವಲ್ಪ ಉಸಿರು ತಗೋ, ಕಾರೂ ನೋಡು" ಎಂದು ಸಂತೋಷ ಬೇಡಿಕೊಳ್ಳಬೇಕಾಯಿತು.

ಶನಿವಾರ ಬೆಳಗ್ಗೆ ಉಳಿದುಕೊಂಡ ಕೋಣೆಯಲ್ಲಿ ನೀಲವ್ವ ಎಲ್ಲರಿಗಿಂತ ಮೊದಲು ಎದ್ದರು. ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಮಂಚದ ತುದಿಗೆ ಕಿಟಕಿಯತ್ತ ಮುಖಮಾಡಿ ಕೂತರು. ಕೊರಳಿನ ಶಿವದಾರದಿಂದ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿ, ಒಳಗಿನ ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡರು. ಕರಡಿಗೆ ಕಿಟಕಿಯ ಕಟ್ಟೆಯ ಮೇಲೆ ಬಾಯ್ತೆರೆದು ಕೂತಿತು. ಕಪ್ಪು ಕಂತಿಯ ಲೇಪವಿದ್ದ ಆ ಪುಟ್ಟ ಲಿಂಗದ ಮೇಲೆ ಪರದೇಶದ ಬೆಳಕು ಬಿದ್ದು ಹೊಳೆಯಿತು. ಬಿಲ್ವಪತ್ರೆ ಇರಲಿಲ್ಲ. ಹೋಟೆಲಿನ ಲೋಟದಲ್ಲಿ ಹಿಡಿದ ನೀರು ಇತ್ತು. ನೀರು ಎಲ್ಲಿಯದಾದರೂ ಅವನದೇ ಎಂದುಕೊಂಡು ಎರೆದು, ರೆಪ್ಪೆ ಮಿಟುಕಿಸದೆ ನೋಡುತ್ತ ಕೂತರು. ಪೂಜೆಯಾಗದೆ ಬಾಯಿಗೆ ಹನಿ ನೀರೂ ಹಾಕುವವರಲ್ಲ ಅವರು.

ಮೊದಲು ಬ್ರಾಂಡೆನ್‌ಬರ್ಗ್ ಹೆಬ್ಬಾಗಿಲು ನೋಡಿದರು. ಎರಡು ವರ್ಷ ಬಟ್ಟೆ ಹೊದ್ದು ದುರಸ್ತಿಯಲ್ಲಿದ್ದದ್ದು, ಮುಸುಕು ತೆಗೆದದ್ದು ಮೊನ್ನೆ ಮೊನ್ನೆ. ಕಲ್ಲು ಮಿಂದೆದ್ದಂತೆ ಕಾಣುತ್ತಿತ್ತು. ಮೇಲೆ ನಾಲ್ಕು ಕುದುರೆ ಹೂಡಿದ ರಥ, ರಥದಲ್ಲಿ ರೆಕ್ಕೆಯ ದೇವಿ.

"ವಿಜಯದೇವಿ, ಅವ್ವಾರ" ಎಂದ ಇದ್ರೀಸ್. "ನೆಪೋಲಿಯನ್ ಬಂದು ಊರು ಗೆದ್ದ. ಈ ದೇವೀನ ಕುದರಿ ಸಮೇತ ಇಳಿಸಿ, ಪೆಟ್ಟಿಗ್ಯಾಗ ತುಂಬಿ ಪ್ಯಾರಿಸ್‌ಗೆ ಒಯ್ದ. ಎಂಟು ವರ್ಷ ಆದ ಮ್ಯಾಲ ಇವರು ಅವನ್ನ ಸೋಲಿಸಿ ವಾಪಸ್ ತಂದು ಕೂಡಿಸಿದ್ರು."

ನೀಲವ್ವ ಕತ್ತೆತ್ತಿ ನೋಡಿದರು. "ಹಂಗಾದ್ರ ಎಂಟು ವರ್ಷ ದೇವಿ ಇಲ್ಲದ ಇವರು ಊಟಾ ಹೆಂಗ ಮಾಡಿದ್ರಪ್ಪಾ?"

 ಬಸವೇಶ್ವರಿ ಸೆರಗಿನ ಮರೆಯಲ್ಲಿ ನಕ್ಕಳು.

ಬಾಗಿಲು ದಾಟಿದ ಮೇಲೆ ರಸ್ತೆಯಲ್ಲಿ ಜೋಡುಸಾಲಿನ ಗುಂಡುಗಲ್ಲುಗಳು ಕಂಡವು. ಗೋಡೆ ನಿಂತಿದ್ದ ಜಾಗದ ಗುರುತು ಅದು.

"ಇಷ್ಟ ಏನು? ಕೂಸೂ ದಾಟತೈತಿ" ಎಂದರು ನೀಲವ್ವ.

"ಇದು ಬರೇ ಗುರುತು, ಅವ್ವಾರ. ಗೋಡಿ ಎರಡಾಳ ಎತ್ತರ ಇತ್ತು. ಈ ಕಡೆ ಅಣ್ಣ, ಆ ಕಡೆ ತಮ್ಮ. ಹತ್ತಿದವರಿಗೆ ಗುಂಡು ಹೊಡೀತಿದ್ರು."

 ನೀಲವ್ವ ಸೀರೆಯ ನಿರಿಗೆ ಎತ್ತಿ ಹಿಡಿದು ಆ ಸಾಲನ್ನು ದಾಟಿದರು. ತಿರುಗಿ ಈಚೆಗೆ ಬಂದರು. ಮತ್ತೆ ದಾಟಿದರು. "ಸತ್ತವರ ಸಲುವಾಗಿ ಒಂದ ಸಲ, ಇದ್ದವರ ಸಲುವಾಗಿ ಒಂದ ಸಲ" ಎಂದರು. ಮಗನ ಹಳೆಯ ಕೋಟು ಅವರ ಮೊಣಕಾಲಿನವರೆಗೆ ಇಳಿದಿತ್ತು, ಅದರ ಕೆಳಗೆ ಇಳಕಲ್ ಸೀರೆಯ ಕೆಂಪು ಅಂಚು.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಪಾರ್ಲಿಮೆಂಟ್. ರೈಖ್‌ಸ್ಟಾಗ್ ಎನ್ನುತ್ತಾರೆ. ಎದುರಿನ ಕಂಬಗಳು ದೇವಾಲಯದ ಕಂಬಗಳಂತೆ ದಪ್ಪ. ಅವುಗಳ ಮೇಲೆ ದೊಡ್ಡ ಅಕ್ಷರದಲ್ಲಿ ಏನೋ ಬರೆದಿತ್ತು.

"ಜರ್ಮನ್ ಜನಕ್ಕೆ ಅರ್ಪಣೆ ಅಂತ ಬರದಾರ, ಅತ್ತಿ" ಎಂದು ಬಸವೇಶ್ವರಿ ಓದಿ ಹೇಳಿದಳು.

ಎಲ್ಲಕ್ಕಿಂತ ಮೇಲೆ, ಮೋಡದ ಬೆಳಕಿನಲ್ಲಿ, ಗಾಜಿನ ಗುಮ್ಮಟ. ಅದರೊಳಗೆ ಇರುವೆಗಳಂತೆ ಜನ ಸುತ್ತು ಸುತ್ತಾಗಿ ಏರುತ್ತಿದ್ದರು. ನೀಲವ್ವ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದರು. ಖಾನಾವಳಿಯ ಗಲ್ಲೆಯ ಮೇಲೆ ಕೂತು ಕೈಯಲ್ಲಿ ಸೌಟು ಹಿಡಿದು ಯಜಮಾನರು ವರ್ಣಿಸಿದ್ದು ಹೀಗೆಯೇ. ನೋಡದೆ ಇಷ್ಟು ಸರಿಯಾಗಿ ಹೇಗೆ ಹೇಳಿದರೋ.

ಸಾಲು ಉದ್ದವಿತ್ತು. ಗಾಳಿ ಕೊರೆಯುತ್ತಿತ್ತು. ಆದರೂ ಸಾಲು ಸರಿಯಿತು. ಬಾಗಿಲೊಳಗೆ ತಪಾಸಣೆಯ ಚೌಕಟ್ಟು, ಪಕ್ಕದಲ್ಲಿ ಚೀಲಗಳನ್ನು ನುಂಗುವ ಯಂತ್ರ. ಬಸವೇಶ್ವರಿ ಬಳೆ ಬಿಚ್ಚಿಟ್ಟಳು. ಸಂತೋಷ ಬೆಲ್ಟು ಬಿಚ್ಚಿದ. ಇದ್ರೀಸ್ ಕೀಲಿಕೈ, ಚಿಲ್ಲರೆ ಎಲ್ಲ ಸುರಿದ. ಮೂವರೂ ದಾಟಿದರು. ನೀಲವ್ವ ಕಾಲಿಟ್ಟೊಡನೆ ಚೌಕಟ್ಟು ಕೂಗಿಕೊಂಡಿತು.

ಅಲ್ಲಿ ನಿಂತಿದ್ದವಳು ನೀಲವ್ವನ ವಯಸ್ಸಿಗೆ ಹತ್ತಿರದ ಹೆಂಗಸು. ನರೆತ ಕೂದಲನ್ನು ಗಿಡ್ಡಗೆ ಕತ್ತರಿಸಿದ್ದಳು. ಕೈಯಲ್ಲಿನ ಕೋಲನ್ನು ಮೈಯ ಸುತ್ತ ಆಡಿಸಿದಳು. ಎದೆಯ ಹತ್ತಿರ ಅದು ಕಿರುಚಿತು. ನೀಲವ್ವ ತಾವೇ ಸೆರಗು ಸರಿಸಿ ಕರಡಿಗೆಯನ್ನು ತೋರಿಸಿದರು. ಆಕೆ ನಯವಾಗಿ ತಟ್ಟೆಯನ್ನು ಮುಂದೆ ಹಿಡಿದು ಏನೋ ಹೇಳಿದಳು.

"ಅದನ್ನ ತಟ್ಟ್ಯಾಗ ಇಡ್ರಿ, ಯಂತ್ರದಾಗ ಹೋಗಿ ಬರತೈತಿ ಅಂತಾರ, ಅತ್ತಿ" ಎಂದಳು ಬಸವೇಶ್ವರಿ.

"ಇದನ್ನ ಮೈಯಿಂದ ಇಳಸಂಗಿಲ್ಲಂತ ಹೇಳು."

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಈ ತೊಂದರೆ ಬಂದಿರಲಿಲ್ಲ. ಪರದೆಯ ಹಿಂದೆ ಇದ್ದ ಪೊಲೀಸ್ ಹೆಣ್ಣುಮಗಳು ಗದಗಿನವಳು. ಕಂಡೊಡನೆ "ಲಿಂಗ ಐತೇನ್ರೀ, ಹೋಗ್ರಿ ಯವ್ವಾ" ಎಂದು ಬಿಟ್ಟಿದ್ದಳು. ಇಲ್ಲಿ ಯಾರಿಗೆ ಗೊತ್ತು?

ಬಸವೇಶ್ವರಿ ತಡವರಿಸುತ್ತ ಜರ್ಮನ್‌ನಲ್ಲಿ ವಿವರಿಸಿದಳು. ಆ ಹೆಂಗಸು ಆಶ್ಚರ್ಯದಿಂದ ಏನೋ ಕೇಳಿದಳು.

"ಡಬ್ಬಿಯೊಳಗೆ ದೇವರಿದ್ದರೆ ಯಂತ್ರದಿಂದ ದೇವರಿಗೇನು ಭಯ ಅಂತ ಕೇಳತಾರ."

"ಅವನಿಗೆ ಯಾಕ ಭಯ? ಅವನ್ನ ಬಿಟ್ಟು ನಾ ಹೆಂಗ ನಡೀಲಿ ಅಂತ ಕೇಳು ಆಕೀನ್ನ."

ಇದನ್ನೂ ಸೊಸೆ ಹೇಳಿದಳು. ಆ ಹೆಂಗಸು ನಗಲಿಲ್ಲ, ಗದರಲಿಲ್ಲ. ತಿಳಿಯಿತು ಎಂಬಂತೆ ತಲೆಯಾಡಿಸಿದಳು. ಆದರೆ ಡಬ್ಬಿ ಯಂತ್ರದಲ್ಲಿ ಹೋಗಲೇಬೇಕು, ಎಲ್ಲರಿಗೂ ಒಂದೇ ಕಟ್ಟಳೆ ಎಂದಳು. ಬೇಕಾದಷ್ಟು ಹೊತ್ತು ಯೋಚಿಸಿ ಎಂದು ಗೋಡೆಯ ಪಕ್ಕದ ಆಸನವನ್ನು ತೋರಿಸಿದಳು.

ನೀಲವ್ವ ಹೋಗಿ ಕೂತರು. ಸಂತೋಷ ಬೆಲ್ಟು ಕೈಯಲ್ಲಿ ಹಿಡಿದುಕೊಂಡೇ ಮರಳಿ ಬಂದ.

"ಯವ್ವಾ, ಎರಡು ಮಿನಿಟ್ ಅಷ್ಟ. ಆ ಕಡಿಂದ ಹೋಗಿ ಈ ಕಡಿಂದ ಬರತೈತಿ. ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ. ನಾ ಏನು ಕದ್ದು ಒಯ್ಯಾಕತ್ತೀನೇನು?"

"ಹಂಗಲ್ಲ. ಆರು ತಾಸು ಕಾರಿನ್ಯಾಗ ಕುಂತು ಬಂದೀವಿ. ಅಪ್ಪನ ಮಾತಿಗಂತ ನೀನ ಹಟ ಹಿಡದಿ. ಈಶ್ವರಿ ಕೈಯಾಗರ ಕೊಡು, ಆಕಿ ಹೊರಗ ಹಿಡ್ಕೊಂಡು ನಿಂದರ್ಲಿ. ಆಕೀದೂ ಇದ ಧರ್ಮ ಅಲ್ಲೇನು?"

ನೀಲವ್ವ ಸೊಸೆಯತ್ತ ತಿರುಗಿದರು. "ನಿಂದೆಲ್ಲೈತವಾ?"

ಬಸವೇಶ್ವರಿ ಬಳೆ ಏರಿಸುತ್ತ ನೆಲ ನೋಡಿದಳು. "ಮನ್ಯಾಗ... ದೇವರ ಗೂಡಿನ್ಯಾಗ ಐತ್ರಿ, ಅತ್ತಿ."

"ಬೊಬ್ಲಿಂಗೆನ್‌ನ್ಯಾಗ ಅದೊಂದು, ಬರ್ಲಿನ್‌ನ್ಯಾಗ ನೀನೊಂದು. ಚಲೋ ಆತು."

ಇದ್ರೀಸನೂ ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. "ಬಿಡ್ರಿ ಅವ್ವಾರ. ನೀವು ಏರದಿದ್ರ ನಾನೂ ಏರಂಗಿಲ್ಲ. ನಡೀರಿ, ಚಹಾ ಕುಡಿಯೂಣು."

"ನೀ ಏರಪ್ಪಾ, ನಿನಗೇನು ಆಣಿ ಐತಿ?" ಎಂದರು ನೀಲವ್ವ. 

ಆಣೆ ಇದ್ದದ್ದು ಅವರಿಗೆ. ಕಾರ್ತಿಕದ ಆ ಬೆಳಗ್ಗೆ ಅಡಿವೆಪ್ಪನವರನ್ನು ದೊಡ್ಡ ಆಸ್ಪತ್ರೆಗೆ ಒಯ್ದಾಗ ಎದೆಯ ಒಳಗನ್ನು ನೋಡುವ ಯಂತ್ರಕ್ಕೆ ಹಾಕಬೇಕಾಯಿತು. ಲೋಹವೇನೂ ಮೈಮೇಲೆ ಇರಬಾರದೆಂದು ಉಂಗುರ, ಉಡಿದಾರ, ಕರಡಿಗೆ ಎಲ್ಲ ಬಿಚ್ಚಿ ನೀಲವ್ವನ ಕೈಗೆ ಕೊಟ್ಟರು. ಯಾರದೂ ತಪ್ಪಲ್ಲ, ಡಾಕ್ಟರರು ಜೀವ ಉಳಿಸಲಿಕ್ಕೆ ಓಡಾಡುತ್ತಿದ್ದರು. ಜೀವ ಒಳಗೇ ಹೋಯಿತು. ದೀಕ್ಷೆಯಾದ ದಿನದಿಂದ ಮೈಬಿಟ್ಟು ಅಗಲದಿದ್ದ ಲಿಂಗ ಬಾಗಿಲಾಚೆ, ಅವರು ಬಾಗಿಲೊಳಗೆ. ಸಮಾಧಿಯಲ್ಲಿ ಕೂರಿಸಿದಾಗ ನೀಲವ್ವ ತಮ್ಮ ಕೈಯಾರೆ ಆ ಲಿಂಗವನ್ನು ಅವರ ಎಡ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದ್ದರು. ಅಂದೇ ಮನಸ್ಸಿನಲ್ಲಿ ಆಣೆಯಿಟ್ಟುಕೊಂಡಿದ್ದರು: ತನ್ನನ್ನು ತನ್ನ ಲಿಂಗದಿಂದ ಯಾವ ಯಂತ್ರವೂ ಅಗಲಿಸಬಾರದು.

ಈಗ ಒಂದು ಕಡೆ ಅವರ ಮಾತು, ಇನ್ನೊಂದು ಕಡೆ ತನ್ನ ಆಣೆ. ಯಾವುದನ್ನು ಬಿಡುವುದು? ಆಡಿದ ಮಾತಾದರೂ ನಗೆಯ ಮಾತು. ಬೈಲಹೊಂಗಲದವರು ಕೇಳಿದರೆ ಹೊರಗಿನಿಂದ ನೋಡಿದೆ ಎಂದರಾಯಿತು. ನೀಲವ್ವ ಎದ್ದರು. ಕರಡಿಗೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, "ನಡೀರಿ, ಹೋಗೂಣು" ಎಂದರು.

ಹೊರಬಾಗಿಲಿನತ್ತ ನಡೆದವರ ಅಂಗೈಗೆ ಬೆಳ್ಳಿ ತಣ್ಣಗೆ ತಗುಲಿತು. ಬೆಳಗ್ಗೆ ಇದೇ ಬೆಳ್ಳಿ ಕಿಟಕಿಯ ಕಟ್ಟೆಯ ಮೇಲೆ ಇತ್ತಲ್ಲ. ಆಗ ತನಗೆ ಭಯವಾಗಲಿಲ್ಲ, ಅಗಲಿದೆ ಎಂದು ಅನ್ನಿಸಲಿಲ್ಲ. ಯಾಕೆ? ಅವನು ಅಂಗೈಯಲ್ಲಿದ್ದ. ಸಮಾಧಿಯಲ್ಲಿ ಅವರಿಗೆ ಇಟ್ಟದ್ದೂ ಅಂಗೈಯಲ್ಲೇ. ಅಂಗೈ ಅವನ ಪೀಠ. ಡಬ್ಬಿ ಅಕ್ಕಸಾಲಿಗ ಮಾಡಿದ ಡಬ್ಬಿ. ಯಂತ್ರ ಕೂಗಿದ್ದು ಡಬ್ಬಿಗೆ, ದೇವರಿಗಲ್ಲ!

ನೀಲವ್ವ ನಿಂತಲ್ಲೇ ನಿಂತರು. ಆಮೇಲೆ ನಕ್ಕರು. ವರ್ಷದಿಂದ ಅವರು ಹೀಗೆ ನಕ್ಕಿರಲಿಲ್ಲ. ಸಂತೋಷ ಗಾಬರಿಯಾದ.

"ಏನಾತು, ಯವ್ವಾ?"

"ಏನೂ ಇಲ್ಲ. ನಾವೆಲ್ಲಾ ಶ್ಯಾಣ್ಯಾರು, ಡಬ್ಬಿ ಸಲುವಾಗಿ ಬಡದಾಡಾಕತ್ತೀವಿ. ಈಶ್ವರಿ, ಬಾ ಇಲ್ಲೆ. ಆಕೀನ್ನ ಕರಿ."

ತಟ್ಟೆಯ ಮುಂದೆ ಹೋಗಿ ನಿಂತರು. ಚಪ್ಪಲಿ ಬಿಟ್ಟರು. ಕಣ್ಣು ಮುಚ್ಚಿ ಶಿವನನ್ನು ನೆನೆದು ಕರಡಿಗೆ ಬಿಚ್ಚಿದರು. ಲಿಂಗವನ್ನು ಎಡ ಅಂಗೈಯ ಮೇಲೆ ಕೂರಿಸಿಕೊಂಡರು. ಬರಿದಾದ ಬೆಳ್ಳಿಯನ್ನು ಬಲಗೈಯಿಂದ ತಟ್ಟೆಯಲ್ಲಿ ಇಟ್ಟರು.

"ಬೆಳ್ಳಿ ನಿಮಗ, ಲಿಂಗ ನನಗ. ಹೇಳವಾ ಆಕೀಗೆ. ಎಷ್ಟ ಬೇಕಾದ್ರೂ ನೋಡ್ಲಿ, ಮುಟ್ಟಬಾರದು ಅಷ್ಟ."

ಬಸವೇಶ್ವರಿ ಈ ಸಲ ತಡವರಿಸಲಿಲ್ಲ. ತಲೆಯೆತ್ತಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. ಇದು ಲೋಹವಲ್ಲ. ಇದರ ಜಾಗ ಈ ಅಂಗೈ. ನಮ್ಮಲ್ಲಿ ದೇವರಿಗೆ ಗುಡಿ ಬೇರೆ ಬೇಡ, ಹೊತ್ತವರ ಮೈಯೇ ಗುಡಿ. ಆಫೀಸಿನ ಇಂಗ್ಲಿಷಿನ ಸಂತೋಷ ಬಾಯಿ ತೆರೆದು ಹೆಂಡತಿಯನ್ನು ನೋಡಿದ.

ಆ ಹೆಂಗಸು ಬಾಗಿ ನೋಡಿದಳು. ಕೋಲನ್ನು ಅಂಗೈಯ ಮೇಲೆ ಹಿಡಿದಳು. ಕೋಲು ಸುಮ್ಮನಿತ್ತು. ಜೊತೆಯವನನ್ನು ಕರೆದು ತೋರಿಸಿದಳು. ಅವನೂ ನೋಡಿ, ಕೆಲವು ಪ್ರಶ್ನೆ ಕೇಳಿ, ತಲೆಯಾಡಿಸಿದ. ಆಕೆ ಹಿಂದಕ್ಕೆ ಸರಿದು, ಬನ್ನಿ ಎಂದು ಕೈ ಚಾಚಿದಳು.

ನೀಲವ್ವ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಕಣ್ಣನ್ನು ಲಿಂಗದಲ್ಲಿ ನೆಟ್ಟು, ನಡೆದರು.  ಚೌಕಟ್ಟು ಬಂತು, ಮೇಲೆ ಹಾಯಿತು, ಹಿಂದಾಯಿತು. ಅದು ಕೂಗಲಿಲ್ಲ.

"ಗೆದ್ರಿ, ಅತ್ತಿ!" ಎಂದಳು ಬಸವೇಶ್ವರಿ. ಆಕೆಯ ಕಣ್ಣಲ್ಲಿ ನೀರಿತ್ತು.

"ನೀ ಮಾತಾಡಿದಿ, ನಾ ನಡದೆ. ಇಬ್ಬರೂ ಗೆದ್ದಿವಿ. ಏ ಸಂತೋಷ, ಇನ್ನೊಮ್ಮೆ ಈಕಿ ಜರ್ಮನ್‌ಗೆ ನಕ್ಕೀ ನೋಡು."

ಯಂತ್ರದ ಆಚೆಯಿಂದ ಬೆಳ್ಳಿಯ ಕರಡಿಗೆ ಬಂತು. ಆ ಹೆಂಗಸು ಅದನ್ನು ಬೆರಳಿನಿಂದ ಎತ್ತಲಿಲ್ಲ. ತಟ್ಟೆಯನ್ನೇ ಎರಡು ಕೈಯಲ್ಲಿ ಹಿಡಿದು ತಂದು ಕೊಟ್ಟಳು. ಯಾರೂ ಆಕೆಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ನೀಲವ್ವ ಲಿಂಗವನ್ನು ಕರಡಿಗೆಗೆ ಸೇರಿಸಿ, ಕೊರಳಿಗೆ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿದರು. ಲಿಫ್ಟ್ ಅವರನ್ನು ಮಾಳಿಗೆಗೆ ಮುಟ್ಟಿಸಿತು. ಗುಮ್ಮಟದೊಳಗೆ ಕಾಲಿಟ್ಟರೆ ನಡುವೆ ಕನ್ನಡಿಗಳನ್ನು ಹೊದ್ದ ದೊಡ್ಡ ಶಂಕು. ಅದರ ಬುಡದಲ್ಲಿ ಹಳೆಯ ಚಿತ್ರಗಳು. ಈ ಕಟ್ಟಡ ಎದ್ದದ್ದು, ಬೆಂಕಿ ಬಿದ್ದದ್ದು, ಯುದ್ಧದಲ್ಲಿ ಸುಟ್ಟು ಅಸ್ಥಿಪಂಜರದಂತೆ ನಿಂತದ್ದು, ಗೋಡೆಯ ಪಕ್ಕದಲ್ಲಿ ಕೆಲಸವಿಲ್ಲದೆ ವರ್ಷಗಟ್ಟಲೆ ಕಾದದ್ದು.

"ಗೆದ್ದ ರಷ್ಯಾದ ಸೈನಿಕರು ಒಳಗಿನ ಗೋಡಿ ಮ್ಯಾಲ ಇದ್ದಲಿಂದ ತಮ್ಮ ಹೆಸರು ಬರದಾರ, ಅವ್ವಾರ. ಇವರು ಅದನ್ನ ಅಳಿಸಿಲ್ಲ, ಹಂಗ ಇಟ್ಟಾರ" ಎಂದ ಇದ್ರೀಸ್.

"ಸೋತ ಗುರುತು ಅಳಿಸದ ಇಟ್ಟಾರ? ಹಂಗಾದ್ರ ಇವರು ನಿಜವಾಗ್ಲೂ ಎದ್ದು ನಿಂತಾರ" ಎಂದರು ನೀಲವ್ವ.

ಕಾಲಿನ ಕೆಳಗಿನ ಗಾಜಿನಾಚೆ, ಬಹಳ ಆಳದಲ್ಲಿ, ಸಭಾಂಗಣ ಕಂಡಿತು. ಅರ್ಧಚಂದ್ರದಂತೆ ಜೋಡಿಸಿದ ಕುರ್ಚಿಗಳು. ಎಲ್ಲ ಖಾಲಿ.

"ಮಂತ್ರಿಗಳೆಲ್ಲಿ?"

"ಇವತ್ತು ಶನಿವಾರ, ಯವ್ವಾ. ಸೂಟಿ" ಎಂದ ಸಂತೋಷ ಮೆಲ್ಲಗೆ, ತನ್ನದೇ ತಪ್ಪೇನೋ ಎಂಬಂತೆ.

ನೀಲವ್ವ ಬಗ್ಗಿ ನೋಡಿದರು. "ಇರ್ಲಿ ಬಿಡು. ಮಂತ್ರಿಗಳು ಬರತಾರ, ಹೋಗತಾರ. ಕುರ್ಚಿ ಇದಾವಲ್ಲ, ಸಾಕು."

ಇಳಿಜಾರಿನ ಹಾದಿ ಗೋಡೆಗುಂಟ ಸುತ್ತುತ್ತ ಮೇಲೇರಿತು. ಮೊಣಕಾಲು ನೋವಿನ ನೀಲವ್ವ ಯಾರ ಕೈಯನ್ನೂ ಹಿಡಿಯಲಿಲ್ಲ. ಒಂದೊಂದು ಸುತ್ತಿಗೂ ಊರು ಅಗಲವಾಗುತ್ತ ಹೋಯಿತು. ಹೆಬ್ಬಾಗಿಲ ಕುದುರೆಗಳ ಬೆನ್ನು ಈಗ ಕೆಳಗೆ ಕಂಡಿತು. ಕಾಡಿನಂಥ ತೋಟ ಹಣ್ಣೆಲೆಯಿಂದ ಹಳದಿಯಾಗಿ, ಅದರ ನಡುವೆ ಒಂದು ಕಂಬದ ತುದಿಯಲ್ಲಿ ಬಂಗಾರದ ದೇವಿ. ಆಚೆ ಟಿವಿಯ ಗೋಪುರ ಮೋಡಕ್ಕೆ ಚುಚ್ಚಿತ್ತು. ನದಿ, ಚರ್ಚಿನ ಹಸಿರು ಗುಮ್ಮಟ, ಎಲ್ಲಿ ನೋಡಿದರೂ ಕಟ್ಟುವ ಕ್ರೇನುಗಳು. ಎರಡು ಊರು ಎಲ್ಲಿ ಕೂಡಿದವು ಎಂದು ಹುಡುಕಿದರು. ಮೇಲಿನಿಂದ ಗೊತ್ತಾಗಲಿಲ್ಲ.

ತುದಿಗೆ ಬಂದರು. ಅಲ್ಲಿ ಗುಮ್ಮಟದ ನೆತ್ತಿ ತೆರೆದಿತ್ತು. ಗಾಜು ಇಲ್ಲದ ದುಂಡು ಬಾಯಿಯಿಂದ ಆಕಾಶ, ಗಾಳಿ, ತಣ್ಣನೆಯ ಎರಡು ಹನಿ. ನೀಲವ್ವ ಕೋಟಿನ ಗುಂಡಿ ಬಿಚ್ಚಿ, ಸೆರಗನ್ನು ತಲೆಯ ತುಂಬ ಹೊದ್ದುಕೊಂಡರು.

ಅವರ ಊರ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆ, ಸೀಮಂತಗಳಲ್ಲಿ ಗೆಳತಿಯರು ಬಾಗಿಲು ಕಟ್ಟಿ ಕಾಡಿದಾಗ ಮಾತ್ರ ಒಡಪು ಕಟ್ಟಿ, ಪ್ರಾಸದೊಳಗೆ ಹೆಸರು ಸೇರಿಸಿ ಹೇಳುತ್ತಾರೆ. ಗಂಡ ಹೋದವರು ಅದನ್ನೂ ಹೇಳುವುದಿಲ್ಲ. ವರ್ಷದಿಂದ ನೀಲವ್ವನ ನಾಲಿಗೆಯ ಮೇಲೆ ಆ ಹೆಸರು ಬಂದಿರಲಿಲ್ಲ.

ಅವರು ಕಂಬಿ ಹಿಡಿದು ಕೆಳಗಿನ ಖಾಲಿ ಕುರ್ಚಿಗಳನ್ನು ಒಮ್ಮೆ, ಮೇಲಿನ ಆಕಾಶವನ್ನು ಒಮ್ಮೆ ನೋಡಿದರು. ಖಾನಾವಳಿಯ ಅಡಿಗೆಮನೆಯಿಂದ ಗಲ್ಲೆಯವರೆಗೆ ಕೇಳಿಸುತ್ತಿದ್ದ ತಮ್ಮ ಹಳೆಯ ಗಟ್ಟಿ ದನಿಯಲ್ಲಿ ಹೇಳಿದರು:

"ಗಾಜಿನ ಗುಮ್ಮಟ ಏರಿ ನಿಂತೆ ಬರ್ಲಿನ್ ಪಟ್ಟಣದಾಗ,
ಅಡಿವೆಪ್ಪನವರ ಹೆಸರ ಹೇಳತೀನಿ ಮಂತ್ರಿಗಳ ನೆತ್ತಿಮ್ಯಾಗ!"

ಸುತ್ತಲಿನ ಜನ ತಿರುಗಿ ನೋಡಿದರು. ಇದ್ರೀಸ್ ಸಿಳ್ಳೆ ಹಾಕಿ ಚಪ್ಪಾಳೆ ತಟ್ಟಿದ. ಏನೆಂದು ತಿಳಿಯದೆಯೇ ಇನ್ನೂ ನಾಲ್ಕು ಜನ ತಟ್ಟಿದರು. ಸಂತೋಷ ಗಾಜಿನ ಕಡೆ ಮುಖ ತಿರುಗಿಸಿಕೊಂಡ. ಅವನ ಭುಜ ಅಲುಗುತ್ತಿತ್ತು.

ನೀಲವ್ವ ಇಳಿಯುವ ಹಾದಿಗೆ ಅಡ್ಡ ನಿಂತು ಸೊಸೆಯನ್ನು ತಡೆದರು.

"ಎಲ್ಲಿಗೆ? ಹೆಸರು ಹೇಳಿ ಮುಂದ ಹೋಗು."

"ಅಯ್ಯ ಅತ್ತಿ, ಇಲ್ಲೇ?"

"ಇಲ್ಲೇ. ಜರ್ಮನ್‌ನ್ಯಾಗ ಹೇಳಿದ್ರೂ ನಡೀತೈತಿ."